ಹೊರಗಿನವರ ಮುಖಪುಟ

ನೀರು ನಿಲ್ಲಿಸಿ ನಾಲ್ಕು ದಿನವಾದ ಕಾಲುವೆಗೆ ಒಂದು ವಾಸನೆ ಇರುತ್ತದೆ. ಕೊಳೆತ ಪಾಚಿ, ಬಿಸಿಲಿಗೆ ಬಿರುಕು ಬಿಟ್ಟ ಹೂಳು, ಅದರ ತಳದಲ್ಲೆಲ್ಲೋ ಸತ್ತ ಮೀನು. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ನನ್ನ ಮೂಗಿಗೆ ಬೇರೆ ವಾಸನೆಗಳು ರೂಢಿಯಾಗಿದ್ದವು. ಇದನ್ನು ಮರೆತೆನೆಂದೇ ತಿಳಿದಿದ್ದೆ. ಹೋದ ತಿಂಗಳು ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆಂದು ರಂಗಂಪೇಟೆಗೆ ಹೊರಟಿದ್ದೆ. ಶಹಾಪುರ ದಾಟಿದ ಮೇಲೆ ಬಸ್ಸು ಕಾಲುವೆಯ ಸೇತುವೆಯ ಮೇಲೆ ಯಾವುದೋ ಲಾರಿಗೆ ದಾರಿ ಬಿಡಲು ನಿಂತಿತು. ಕಿಟಕಿಯಿಂದ ಆ ವಾಸನೆ ಬಂತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಕಿಟಕಿ ಹಾಕವ್ವ" ಎಂದಳು. ನನ್ನ ಕೈ ಏಳಲಿಲ್ಲ. ಆಕೆಯೇ ನನ್ನ ಮೇಲೆ ಬಾಗಿ ಹಾಕಿಕೊಂಡಳು.

ಇದೆಲ್ಲ ನಡೆದ ಮುಂಗಾರಿನಲ್ಲಿ ನನಗೆ ಇಪ್ಪತ್ತಾರು ವರ್ಷ. ರಂಗಂಪೇಟೆಯಲ್ಲಿ ಕಾಲುವೆ ನೀರು ಬಳಸುವ ರೈತ ಸಂಘಗಳ ಒಕ್ಕೂಟವೊಂದರ ಕಚೇರಿ ಇತ್ತು. ಮೇಲಿನ ಗೇಟು ಯಾವತ್ತು ತೆಗೆಯಬೇಕು, ಯಾವತ್ತು ಹಾಕಬೇಕು, ಯಾವ ಊರಿಗೆ ಯಾವ ದಿನ ನೀರಿನ ಪಾಳಿ ಎಂದು ಗೊತ್ತುಮಾಡುವುದು ಅದರ ಕೆಲಸ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತ್ತು. ಕಂಪೌಂಡಿನ ಹೊರಗೆ, ರಸ್ತೆಗೆ ಮುಖ ಮಾಡಿ ಒಂದು ಕರಿಹಲಗೆ. ಗೇಟು ತೆಗೆದ ಅಥವಾ ಹಾಕಿದ ಸುದ್ದಿ ಬಂದ ಕೂಡಲೇ ನಾನು ಹೊರಗೆ ಹೋಗಿ ಸೀಮೆಸುಣ್ಣದಲ್ಲಿ ಬರೆಯಬೇಕು. ಬರೆದು ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ನಾಲ್ಕು ಜನ ನಿಂತಿರುತ್ತಿದ್ದರು. ಅವರಲ್ಲಿ ಒಬ್ಬರಾದರೂ "ಅಕ್ಷರ ಚಂದ ಅದಾವ, ನೀರ ಎಲ್ಲಿ ಅದಾವ" ಎಂದು ಕೊಂಕು ತೆಗೆಯದೆ ಹೋಗುತ್ತಿರಲಿಲ್ಲ. ಒಳಗೆ ನನಗೆ ಕುರ್ಚಿ ಇರಲಿಲ್ಲ. ಕಡತದ ಕಪಾಟಿನ ಪಕ್ಕ ಒಂದು ಸ್ಟೂಲು.

ಯಾದಗಿರಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳು ನಾನೊಬ್ಬಳೇ ಆಗಿದ್ದರಿಂದ, ಒಕ್ಕೂಟಕ್ಕೊಂದು ವೆಬ್‌ಸೈಟ್ ಬೇಕೆಂದು ತೀರ್ಮಾನವಾದಾಗ ಕೆಲಸ ನನ್ನ ಪಾಲಿಗೆ ಬಂತು. ಅದರ ಜೊತೆಗೆ ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು. ಕುರ್ಚಿ ಏನು ಮಹಾ ಅನ್ನುವವರು ಅನ್ನಲಿ. ನಾವು ಗೋಡೆಯ ಮೇಲೆ ಬುದ್ಧನ ಪಟ ಹಾಕಿಕೊಂಡ ಮನೆಯವರು. ನನ್ನ ಅಜ್ಜಿ ಊರ ಬಾವಿಯಿಂದ ದೂರ ಕೊಡ ಇಟ್ಟುಕೊಂಡು, ಯಾರಾದರೂ ಸುರಿದಾರೆಂದು ತಾಸುಗಟ್ಟಲೆ ನಿಂತವಳು. ಅಪ್ಪ ಶಾಲೆಯ ಕಿಟಕಿಯ ಹೊರಗೆ ಕೂತು ಅಕ್ಷರ ಕಲಿತು, ಆಮೇಲೆ ಮಾಸ್ತರನಾದವನು. ಒಳಗೆ ಕೂತು ಕೆಲಸ ಮಾಡುವುದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆ ಇದು ಸಮಜಾಯಿಷಿ ಅಲ್ಲ.

ಒಕ್ಕೂಟದ ಕಾರ್ಯದರ್ಶಿ ಶರಣಗೌಡರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎಂದೂ ಏರದ ದನಿ. ನನಗೆ "ಮೇಡಂ" ಅನ್ನುತ್ತಿದ್ದರು, ಅದರಲ್ಲಿ ಅರ್ಧ ಚೇಷ್ಟೆ. ಮೊದಲ ದಿನವೇ ಎದುರು ಕೂಡಿಸಿಕೊಂಡು ತಮಗೆ ಏನು ಬೇಕೆಂದು ಹೇಳಿದರು.

"ಸೈಟಿಗಿ ಎರಡು ಮಾರಿ, ಎರಡು ಮುಖಪುಟ ಬೇಕು ನೋಡ್ರಿ ಮೇಡಂ. ನಮ್ಮವ್ರಿಗಿ ಒಂದು, ಹೊರಗಿನವ್ರಿಗಿ ಒಂದು. ಗೇಟ್ ಎಷ್ಟಕ್ಕ ತೆಗೀತೀವಿ, ಎಷ್ಟು ಎತ್ತೀವಿ, ಅದು ಹೊರಗಿನವ್ರಿಗಿ ಕಾಣಬಾರದು. ಹೋದ ವರ್ಸ ಏನಾತು ನಿಮಗ ಗೊತ್ತದ. ಟೈಮ್ ತಿಳದ ಕೂಡ್ಲೆ ಮ್ಯಾಲಿನ ಊರವ್ರು ಪೈಪ್ ಇಳಿಬಿಟ್ಟು ಕುಂತಿದ್ರು. ಕೆಳಗಿನ ಊರಿಗಿ ಹನಿ ನೀರ ಮುಟ್ಟಲಿಲ್ಲ."

"ಹೊರಗಿನವ್ರಿಗಿ ಏನ್ ತೋರಸ್ಲಿ ಸರ್?"

"ನೀರ ಅದಾವೋ ಬಂದ್ ಅದಾವೋ, ಅಷ್ಟ. ಅವ್ರಿಗಿ ಅಷ್ಟ ಸಾಕು."

ಮಾತು ತಪ್ಪೇನಲ್ಲ ಎಂದು ಆಗ ಅನಿಸಿತು. ಈಗಲೂ ಪೂರ್ತಿ ತಪ್ಪು ಎನ್ನಲಾರೆ. ಕೆಲಸವೂ ಕಷ್ಟದ್ದಲ್ಲ. ಬಂದವನು ಹೆಸರು, ಗುಪ್ತಪದ ಕೊಟ್ಟು ಬಂದವನೋ ಅಲ್ಲವೋ ಎಂದು ಮುಖಪುಟ ಮೊದಲು ನೋಡಿಕೊಳ್ಳಬೇಕು. ಕೊಟ್ಟವನಾದರೆ ಒಂದು ಪುಟ, ಇಲ್ಲವಾದರೆ ಇನ್ನೊಂದು. ಲಾಗಿನ್ ಆದವರಿಗೆ ಗೇಟಿನ ಹೊತ್ತು, ಎತ್ತರ, ಮುಂದಿನ ಪಾಳಿಯ ಪಟ್ಟಿ. ಇಲ್ಲದವರಿಗೆ ಕಾಲುವೆಯ ಒಂದು ದೊಡ್ಡ ಚಿತ್ರ, ಸ್ವಾಗತ, ಕೆಳಗೆ ಒಂದು ಸಾಲು. ಲಾಗಿನ್ ಆಗದವರನ್ನು ಸೈಟು ಕಟ್ಟುವ ತಂತ್ರಾಂಶ "ಅನಾಮಿಕ" ಎಂದು ಕರೆಯುತ್ತಿತ್ತು. ಗೌಡರು ಪರದೆಯ ಮೇಲೆ ಬೆರಳಿಟ್ಟು ಈತ ಯಾರೆಂದು ಕೇಳಿದರು. ಹೆಸರಿಲ್ಲದವರು ಸರ್, ಎಂದೆ. ನಕ್ಕರು.

ಲಾಗಿನ್ ಆದವರ ಪುಟದ ಮೂಲೆಯಲ್ಲಿ ಅವರವರ ಹೆಸರು ಬೀಳುವಂತೆ ಇಟ್ಟಿದ್ದೆ. ನಾನು ತೆರೆದರೆ "ನಮಸ್ಕಾರ ಸುಜಾತಾ" ಎಂದು ಬರುತ್ತಿತ್ತು. ಆ ಕಚೇರಿಯಲ್ಲಿ ನನಗೆ ನಮಸ್ಕಾರ ಎಂದದ್ದು ಆ ಪುಟವೊಂದೇ. "ನನ್ನನ್ನು ನೆನಪಿಡು" ಎಂಬ ಚೌಕಕ್ಕೆ ಗುರುತು ಹಾಕಿ, ಕಚೇರಿಯ ಕಂಪ್ಯೂಟರಿನಲ್ಲೂ ನನ್ನ ಫೋನಿನಲ್ಲೂ ಲಾಗಿನ್ ಆಗಿಯೇ ಉಳಿದೆ. ಆ ಒಂದು ದಿನ ಬರುವವರೆಗೆ ಒಮ್ಮೆಯೂ ಹೊರಗೆ ಬರಲಿಲ್ಲ.

ಸೈಟು ಶುರುವಾದ ವಾರವೇ ಕರಿಹಲಗೆ ಕಿತ್ತರು. ಅದು ಗೌಡರ ದನದ ಕೊಟ್ಟಿಗೆಯ ಬಾಗಿಲಾಯಿತು. ಹಲಗೆ ಎಲ್ಲಿ ಹೋಯಿತೆಂದು ಕೇಳಿಕೊಂಡು ಮೊದಲು ಬಂದವಳು ದ್ಯಾವಮ್ಮ. ಕಕ್ಕೇರಾ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಂದು ರಂಗಂಪೇಟೆಯಲ್ಲಿ ಮಾರಿ ಹೋಗುವವಳು. ಆಕೆಯ ಗಂಡ ಮಲ್ಲಪ್ಪ, ಮೈದುನ ಯಂಕಪ್ಪ ಹೊಳೆಯಲ್ಲಿ ಹರಿಗೋಲು ಹಾಕುವವರು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಗೋಲು ಇಳಿಸಲಾಗದ ದಿನಗಳಲ್ಲಿ ಅವರಿಗೆ ಕಾಲುವೆಯೇ ಗತಿ. ನೀರು ನಿಲ್ಲಿಸಿದಾಗ ಕಾಲುವೆಯ ತಗ್ಗುಗಳಲ್ಲಿ ಮೀನು ಸಿಕ್ಕಿಕೊಳ್ಳುತ್ತವೆ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಬೋಗದಾದಲ್ಲಿ. ಕಾಲುವೆ ಒಂದು ಹಳ್ಳದ ಕೆಳಗೆ ಹಾಯುವ ಉದ್ದನೆಯ ಸುರಂಗ ಅದು. ನೀರು ನಿಂತ ಮೇಲೂ ಅದರ ನಡುಭಾಗದಲ್ಲಿ ಎದೆಮಟ್ಟ ನಿಂತಿರುತ್ತದೆ. ಇಬ್ಬರೂ ಬಲೆ ಹಿಡಿದು ಅದರೊಳಗೆ ಹೋಗುತ್ತಿದ್ದರು.

"ಆ ಹಲಿಗಿ ನೋಡೇ ನಾವು ಇಳಿಯಾದವ್ವ ತಂಗಿ," ಎಂದಳು ದ್ಯಾವಮ್ಮ. "ನನಗ ಓದಾಕ ಬರಲ್ಲ, ಖರೇ. ನೀ ಬಂದ್ ಅಂತ ಬರದ್ರ ಅದರ ಕೆಳಗ ಎರಡು ಗೆರಿ ಎಳೀತಿದ್ದಿ. ಗೆರಿ ನೋಡಿ ಹೋಗಿ ಅವಗ ಹೇಳ್ತಿದ್ದೆ."

ಎರಡು ಗೆರೆ ಎಳೆಯುವುದು ನನಗೆ ಸುಮ್ಮನೆ ರೂಢಿ. ಅದನ್ನು ಯಾರೋ ಓದುತ್ತಿದ್ದಾರೆಂದು ಗೊತ್ತೇ ಇರಲಿಲ್ಲ. ಇನ್ನು ಇಷ್ಟು ದೂರ ಬಂದು ಗೆರೆ ನೋಡಬೇಕಾಗಿಲ್ಲ, ಗಂಡನನ್ನು ಕರೆದುಕೊಂಡು ಬಾ, ಎಂದು ಹೆಮ್ಮೆಯಿಂದ ಹೇಳಿದೆ. ಮರುವಾರ ಮಲ್ಲಪ್ಪ ಬಂದ. ಗಾಜಿನ ಮೇಲೆ ಸೀಳು ಬಿದ್ದ ಹಳೆಯ ಫೋನು. ನಾನೇ ನಮ್ಮ ಮುಖಪುಟವನ್ನು ಅದರಲ್ಲಿ ಕೂಡಿಸಿ, ಒಂದೇ ಸಲ ಒತ್ತಿದರೆ ಬರುವಂತೆ ಮಾಡಿಕೊಟ್ಟೆ. ಅವನಿಗೆ ಅಕ್ಷರ ಬರುತ್ತಿತ್ತು, ಕೂಡಿಸಿ ಓದುತ್ತಿದ್ದ. ಓದಿ ಮುಖ ಎತ್ತಿದ.

"ನೀರು ಬಂದ ಅಂತದ ಅಕ್ಕಾರ. ಬಂದಾವ ಅಂತೋ, ಬಂದ್ ಅದಾವ ಅಂತೋ?"

ಇಣುಕಿ ನೋಡಿದೆ. ಆ ಫೋನಿನ ಅಕ್ಷರಗಳಲ್ಲಿ ಬಂದ್ ಎಂಬುದರ ಕೊನೆಯ ಗೀಟೇ ಮೂಡಿರಲಿಲ್ಲ. ನಮ್ಮ ಕಡೆ ಅದೊಂದು ಗೀಟಿನಲ್ಲಿ ನೀರು ಬಂದಿದೆಯೋ ನಿಂತಿದೆಯೋ ಎಂಬುದೇ ತಿರುವುಮುರುವಾಗುತ್ತದೆ. ಮೂವರೂ ನಕ್ಕೆವು. ಅವತ್ತೇ ಕೂತು ಆ ಸಾಲಿನ ಜಾಗದಲ್ಲಿ ಅಗಲವಾದ ಬಣ್ಣದ ಪಟ್ಟಿ ಹಾಕಿದೆ. ನೀರಿದ್ದರೆ ಹಸಿರು, ಬಂದ್ ಆದರೆ ಕೆಂಪು. ಅದರ ಮೇಲೆ ಅವತ್ತಿನ ದಿನ, ಪುಟ ತೆರೆದ ಹೊತ್ತು ನೋಡುವವರ ಫೋನಿನ ಗಡಿಯಾರದಿಂದಲೇ ತಾನಾಗಿ ಬೀಳುವಂತೆಯೂ ಇಟ್ಟೆ. ನೋಡಿದವರಿಗೆ ಇದು ಈಗಿನದೇ ಎಂದು ನಂಬಿಕೆ ಬರಲಿ ಎಂದು.

ಮಲ್ಲಪ್ಪ ಹೋಗುವ ಮುಂಚೆ ಇನ್ನೊಂದು ಮಾತು ಕೇಳಿದ. ಲಾಗಿನ್ ಗುಂಡಿಗೆ ನಾನು ಅಚ್ಚಕನ್ನಡದಲ್ಲಿ "ಒಳಗೆ ಬನ್ನಿ" ಎಂದು ಹೆಸರಿಟ್ಟಿದ್ದೆ.

"ಒಳಗ ಬರ್ರಿ ಅಂತ ಕರೀತದಲ್ಲರಿ ಇದು. ಒತ್ತಿದ್ರ ಹೆಸರ ಕೇಳ್ತದ. ಮಲ್ಲಪ್ಪ ಅಂತ ಬರದೆ. ತಗೊಳ್ಳಿಲ್ಲ."

"ಅದು ನಿಮಗಲ್ಲಪ್ಪ, ಆಫೀಸಿನವ್ರಿಗಿ," ಎಂದೆ.

"ಹಂಗಾದ್ರ ಹೊರಗ ಕಾಣೂದು ಸಾಕು ಬಿಡ್ರಿ," ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೋದ. ನೀರಿಗಿಳಿಯುವ ದಿನ ಫೋನು ಆಕೆಯ ಹತ್ತಿರವೇ ಇರುತ್ತಿತ್ತು.

ಆ ವರ್ಷ ಮಳೆ ನಮ್ಮ ಕಡೆ ಸುರಿಯಲಿಲ್ಲ, ಹೊಳೆಯ ಮೇಲುಗಡೆ ಎಲ್ಲೋ ಸುರಿಯಿತು. ಸುರಪುರದ ಗುಡ್ಡಗಳ ಮೇಲೆ ಮೋಡ ಬಂದು ನಿಲ್ಲುವುದು, ಬೆವರು ಕಿತ್ತು ಬರುವುದು, ಗಾಳಿ ಆಡದೆ ಸಂಜೆಯಾಗುವುದು. ಎರೆಹೊಲದಲ್ಲಿ ಹತ್ತಿ ಗಿಡ ಮೊಳಕಾಲೆತ್ತರಕ್ಕೆ ನಿಂತುಬಿಟ್ಟಿತ್ತು. ಹೀಗಾಗಿ ಎಲ್ಲರ ಕಣ್ಣೂ ಕಾಲುವೆಯ ಮೇಲೆ, ಎಲ್ಲರ ಬೆರಳೂ ನಮ್ಮ ಮುಖಪುಟದ ಮೇಲೆ. ಒಂದು ಪಾಳಿಯ ಬೆಳಿಗ್ಗೆ ಶಹಾಪುರದಿಂದ ಕಕ್ಕೇರಾದವರೆಗೆ ಎಲ್ಲರೂ ಒಟ್ಟಿಗೆ ತೆರೆದು ಸೈಟು ಕುಸಿದು ಕೂತಿತು. ಗೌಡರಿಗೂ ತೆರೆಯಲಿಲ್ಲ. ದನಿ ಏರಿಸದೆ ಅಂದರು, "ಮೇಡಂ, ಹಲಿಗಿ ಎಂದೂ ಬಂದ್ ಬಿದ್ದಿರಲಿಲ್ಲ ನೋಡ್ರಿ." ಆ ಮಾತು ನನ್ನನ್ನು ಚುಚ್ಚಿತು.

ಅದಕ್ಕೊಂದು ಉಪಾಯವಿತ್ತು. ಹೊರಗಿನವರೆಲ್ಲರಿಗೂ ಕಾಣುವುದು ಒಂದೇ ಪುಟವಾದ್ದರಿಂದ, ಅದನ್ನು ಪ್ರತಿಯೊಬ್ಬರಿಗೂ ಹೊಸದಾಗಿ ಕಟ್ಟುವ ಬದಲು ಒಂದು ನಕಲು ಮಾಡಿಟ್ಟು ಅದನ್ನೇ ಹಂಚಬಹುದು. ಒಳಗಿನವರಿಗೆ ಮಾತ್ರ ಪ್ರತಿ ಸಲವೂ ಹೊಸದು. ನಕಲು ಎಷ್ಟು ಹೊತ್ತು ಇರಬೇಕು ಎಂದು ತಂತ್ರಾಂಶ ಕೇಳಿತು. ಒಂದು ದಿನ ಎಂದು ಹಾಕಿದೆ. ಗೇಟು ವಾರಕ್ಕೊಮ್ಮೆ ತೆಗೆಯುವಂಥದು, ಅಷ್ಟರಲ್ಲಿ ಏನಾದೀತು ಎಂಬ ಲೆಕ್ಕಾಚಾರ. ಸೈಟು ಮತ್ತೆ ಕುಸಿಯಲಿಲ್ಲ. ಗೌಡರು ಚಹಾ ತರಿಸಿದರು.

ಆಮೇಲಿನ ಮೂರು ವಾರಗಳಲ್ಲಿ ಮೂರು ಸಲ ಎಚ್ಚರಿಕೆ ಬಂತು, ಮೂರು ಸಲವೂ ನಾನೇ ಅದನ್ನು ಅಟ್ಟಿದೆ. ಕಚೇರಿಯೆದುರಿನ ಚಹಾದಂಗಡಿಯವನು, "ಕಾಲುವಿಯಾಗ ನೀರ ಬಂದು ಅರ್ಧ ದಿನ ಆತು, ನಿಮ್ಮ ಪಟ್ಟಿ ಇನ್ನಾ ಕೆಂಪ ಅದಲ್ಲ" ಎಂದ. ನಾನು ನನ್ನ ಫೋನು ತೆರೆದೆ. ಹಸಿರು. ಅವನ ಮೂಗಿನ ಹತ್ತಿರ ಹಿಡಿದು ತೋರಿಸಿದೆ. ದೂರದ ಹಳ್ಳಿಯ ಒಬ್ಬ ರೈತ ಫೋನ್ ಮಾಡಿ ಹಾಗೆಯೇ ಹೇಳಿದ; ನಿಮ್ಮ ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟೆ. ಮೂರನೆಯವಳು ದ್ಯಾವಮ್ಮ. "ಕೆಂಪ ಇತ್ತು ತಂಗಿ, ಹೋಗಿ ನೋಡಿದ್ರ ನೀರ ಹರೀಲಾಕತ್ತಿದ್ದವು. ಅವ ಇಳೀಲಿಲ್ಲ, ದಂಡಿ ಮ್ಯಾಲಿಂದನ ತಿರುಗಿ ಬಂದ." ಆಕೆ ಅದನ್ನು ದೂರಿನಂತೆ ಹೇಳಲಿಲ್ಲ, ನಗುತ್ತ ಹೇಳಿದಳು. "ನಿನ್ನ ಗಂಡನ ಫೋನ್ ಹಳೇದಾಗ್ಯಾದ ಅಕ್ಕ, ಬದಲಿ ಮಾಡ್ರಿ," ಎಂದೆ ನಾನು. ನಾಚಿಕೆಯಾಗುತ್ತದೆ ಬರೆಯಲು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಗೇಲಿ ಮಾಡಿ ಹೇಳುತ್ತಿದ್ದೆ, ಜನರಿಗೆ ತಮ್ಮ ಫೋನ್ ನೋಡಲೂ ಬರುವುದಿಲ್ಲ ಎಂದು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನೀ ಹೊರಗ ನಿಂತು ನೋಡಿದಿಯೇನು?"

"ಹೊರಗ ಅಂದ್ರ?"

"ಅವ್ರು ನೋಡೋದು ನಿನಗ ಕಾಣಲ್ಲ ಅಂತ ನೀನ ಹೇಳ್ತಿ. ಎರಡು ಮಾರಿ ಅಂತಿ. ನೀ ಆ ಇನ್ನೊಂದು ಮಾರಿ ಎಂದಾರ ನೋಡಿದಿಯೇನು?"

ನಾನೇ ಮಾಡಿದ್ದು, ನೋಡುವುದೇನು ಎಂದೆ. ಅಪ್ಪ ಮತ್ತೆ ರೊಟ್ಟಿ ಮುರಿದ. ನೋಡಬೇಕಾದರೆ ನಾನು ಲಾಗ್ ಔಟ್ ಒತ್ತಬೇಕಿತ್ತು, ಒಂದು ಗುಂಡಿ, ಅಷ್ಟೆ. ಮರುದಿನ ಅದರ ಮೇಲೆ ಬಾಣ ತಂದು ನಿಲ್ಲಿಸಿದ್ದು ನೆನಪಿದೆ. ಒತ್ತಲಿಲ್ಲ. ಮತ್ತೆ ಗುಪ್ತಪದ ಹೊಡೆಯುವ ಬೇಸರ ಎಂದುಕೊಂಡೆ. ಬೇಸರವಲ್ಲ ಅದು. ಮೂಲೆಯಿಂದ ನನ್ನ ಹೆಸರು ಹೋಗುವುದು ನನಗೆ ಬೇಡವಾಗಿತ್ತು.

ಶ್ರಾವಣ ಮುಗಿಯುತ್ತಿದ್ದ ದಿನಗಳು. ಕಾಲುವೆ ಬಂದ್ ಆಗಿ ನಾಲ್ಕು ದಿನವಾಗಿತ್ತು, ಇನ್ನೂ ಎರಡು ದಿನ ಬಂದ್ ಇರಬೇಕಿತ್ತು. ಆದರೆ ಮೇಲೆ ಮಳೆ ಜೋರಾಗಿ, ಬಂದ ನೀರನ್ನು ಬಿಡಲೇಬೇಕೆಂದು ಬೆಳಿಗ್ಗೆ ಆರಕ್ಕೆ ಗೇಟು ತೆಗೆದರು. ಗೇಟು ಕಾಯುವ ಹನುಮಂತ ತನ್ನ ಫೋನಿನಲ್ಲಿ ಲಾಗಿನ್ ಆಗಿ, ತೆಗೆದ ಹೊತ್ತು ಎತ್ತರ ಎಲ್ಲ ತುಂಬಿದ. ಅವನು ಎಂದೂ ತಡಮಾಡಿದವನಲ್ಲ. ನಾನು ಕಚೇರಿಗೆ ಬರುವ ಮುಂಚೆಯೇ ಫೋನಿನಲ್ಲಿ ಹಸಿರು ಪಟ್ಟಿ ನೋಡಿದೆ. ಎರಡು ದಿನ ಮುಂಚೆಯೇ ನೀರು ಬಂತಲ್ಲ, ಜನ ಖುಷಿಯಾಗುತ್ತಾರೆ ಎಂದುಕೊಂಡೆ.

ಹತ್ತು ಗಂಟೆಗೆ ದ್ಯಾವಮ್ಮ ಬುಟ್ಟಿ ಹೊತ್ತು ಬಂದಳು. ಬುಟ್ಟಿ ಅರ್ಧವೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ, "ಇವು ನಿನ್ನಿವು. ಇವತ್ತ ಚಲೋ ಸಿಗ್ತಾವ. ಅಣ್ಣ ತಮ್ಮ ಬೋಗದಾಕ್ಕ ಹೋಗ್ಯಾರ," ಎಂದಳು.

ನಾನು ಬಾಗಿಲಲ್ಲಿ ನಿಂತಿದ್ದೆ. "ಯಾವಾಗ ಹೋದ್ರು?"

"ಎಂಟರ ಮ್ಯಾಲ. ಪಟ್ಟಿ ನೋಡೇ ಹೋಗ್ಯಾರ. ಈಗ ಇಳದಿರ್ತಾರ."

"ಪಟ್ಟಿ ಹಸರ ಅದಲ್ಲಕ್ಕ."

"ಇಲ್ಲಲ್ಲ." ಸೆರಗಿನ ಗಂಟು ಬಿಚ್ಚಿ ಫೋನು ತೆಗೆದು ಕೊಟ್ಟಳು. ಗಾಜಿನ ಸೀಳಿನ ಹಿಂದೆ ನನ್ನದೇ ಪುಟ. ಮೇಲೆ ಅವತ್ತಿನ ದಿನ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕೆಳಗೆ ಅಗಲವಾದ ಕೆಂಪು. ನನ್ನ ಫೋನನ್ನು ಅದರ ಪಕ್ಕ ಹಿಡಿದೆ. ನನ್ನದರಲ್ಲಿ ಹಸಿರು, ಮೂಲೆಯಲ್ಲಿ ನಮಸ್ಕಾರ ಸುಜಾತಾ. ನಕಲು ಹಂಚತೊಡಗಿದ ಮೇಲೆ ಹೊರಗಿನವರ ಮುಖಪುಟವನ್ನು ನಾನು ಮೊದಲ ಸಲ ನೋಡಿದ್ದು ಆಗ. ಹೊರಗಿನವರಿಗೆ ಇನ್ನೂ ನಿನ್ನೆಯ ನಕಲೇ ಹೋಗುತ್ತಿದೆ ಎಂದು ಹೊಳೆಯಿತು.

ಗೇಟಿನಿಂದ ಬೋಗದಾಕ್ಕೆ ನೀರು ಮುಟ್ಟಲು ಆರು ತಾಸು ಬೇಕು. ಆಗಲೇ ನಾಲ್ಕು ತಾಸು ಕಳೆದಿತ್ತು. ಬೋಗದಾದ ಹತ್ತಿರದ ಊರಿನ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ. ಶಹಾಪುರದ ಸಂತೆಯಲ್ಲಿದ್ದೇನೆ, ಹೊಲದಲ್ಲಿ ಯಾರಾದರೂ ಇದ್ದರೆ ಕಳಿಸುತ್ತೇನೆ ಎಂದರು. ಹನುಮಂತನಿಗೆ ಮಾಡಿದೆ.

"ಗೇಟ್ ಹಾಕು ಹಣಮಂತಣ್ಣ. ಬೋಗದಾದಾಗ ಮಂದಿ ಅದಾರ."

"ಗೌಡ್ರ ಹುಕುಂ ಇಲ್ಲದ ನಾ ಹ್ಯಾಂಗ ಹಾಕ್ಲಿ ಅಕ್ಕಾರ. ಸೈಟಿನ್ಯಾಗ ಹುಕುಂ ಬರ್ಲಿ, ಈಗ ಹಾಕ್ತೀನಿ."

ಗೌಡರು ಯಾದಗಿರಿಯ ಸಭೆಯಲ್ಲಿದ್ದರು, ಫೋನ್ ಬಂದ್. ಅವರ ಗುಪ್ತಪದ ನಾನೇ ಇಟ್ಟದ್ದು. ಲಾಗ್ ಔಟ್ ಒತ್ತಿ ಹೊರಗೆ ಬಂದು, ಅವರ ಹೆಸರಿನಲ್ಲಿ ಒಳಗೆ ಹೋಗಿ, ಗೇಟು ಹಾಕಲು ಹುಕುಂ ಕೊಟ್ಟೆ. ಕೊಟ್ಟರೂ ಆಗಲೇ ಕಾಲುವೆಗೆ ಬಿದ್ದ ನೀರನ್ನು ಯಾರ ಹುಕುಮೂ ಹಿಂದಕ್ಕೆ ಕರೆಯುವುದಿಲ್ಲ. ದ್ಯಾವಮ್ಮನನ್ನು ಎಳೆದುಕೊಂಡು ಆಟೋ ಹತ್ತಿದೆ. ಬುಟ್ಟಿ ಮೆಟ್ಟಿಲ ಮೇಲೆಯೇ ಉಳಿಯಿತು. ದಾರಿಯುದ್ದಕ್ಕೂ ಆಟೋದವನಿಗೆ ನಾನು ಪದೇ ಪದೇ "ಜಲ್ದಿ" ಎನ್ನುತ್ತಿದ್ದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

ನಾವು ಮುಟ್ಟಿದಾಗ ಹನ್ನೊಂದು ದಾಟಿತ್ತು. ಆವತ್ತು ಬಿಟ್ಟದ್ದು ಹೆಚ್ಚು ನೀರು, ಐದೇ ತಾಸಿಗೆ ಬಂದುಬಿಟ್ಟಿತ್ತು. ಹೊಸ ನೀರು ಮೊದಲು ಕಸ ತಳ್ಳಿಕೊಂಡು ಬರುತ್ತದೆ. ಹುಲ್ಲು, ಪ್ಲಾಸ್ಟಿಕ್ ಬಾಟಲಿ, ಯಾರದೋ ಒಂದು ಚಪ್ಪಲಿ. ಅವೆಲ್ಲ ಬೋಗದಾದ ಬಾಯಲ್ಲಿ ಸುತ್ತು ಹಾಕಿ ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಯಂಕಪ್ಪ ದಂಡೆಯ ಮೇಲೆ ಒದ್ದೆಯಾಗಿ ಕೂತಿದ್ದ, ಕೈಯಲ್ಲಿ ಬಲೆಯ ಒಂದು ತುದಿ.

"ನಾ ಬಾಯಿ ಕಡಿ ಇದ್ದೆ ವೈನಿ," ಎಂದ ಅವನು ದ್ಯಾವಮ್ಮನಿಗೆ. "ಅಣ್ಣ ನಡುವ ಇದ್ದ. ಕೂಗಿದೆ. ಬೋಗದಾದಾಗ ದನಿ ತಿರುಗಿ ತಿರುಗಿ ಬರ್ತದ. ಅವಗ ಯಾ ಕಡಿಂದ ಕರೀತಾರಂತ ತಿಳೀಲಿಲ್ಲ. ಆ ಕಡಿ ಹೋದ."

ದ್ಯಾವಮ್ಮ ಬೋಗದಾದ ಇನ್ನೊಂದು ತುದಿಗೆ ನಡೆದಳು, ಓಡಲಿಲ್ಲ. ಹಳ್ಳ ದಾಟಿ ಆ ಕಡೆಯ ದಂಡೆಯ ಮೇಲೆ ಕೂತಳು. ಈ ಕಡೆ ಒಳಗೆ ಹೋದ ಹುಲ್ಲು, ಬಾಟಲಿಗಳು ಆ ಕಡೆ ಹೊರಬರುತ್ತಿದ್ದವು. ಅವನ್ನೇ ನೋಡುತ್ತಿದ್ದಳು. ಮಲ್ಲಪ್ಪ ಸಿಕ್ಕಿದ್ದು ಮೂರನೆಯ ದಿನ, ಕಾಲುವೆಯ ಕೆಳಗಡೆ ಕಸ ತಡೆಯುವ ಜಾಲರಿಯಲ್ಲಿ.

ಅವತ್ತು ಕಚೇರಿಗೆ ಮರಳಿದವಳೇ ನಾನು ನಕಲಿನ ಹೊತ್ತನ್ನು ಒಂದು ದಿನದಿಂದ ಸೊನ್ನೆಗೆ ಇಳಿಸಿದೆ. ಇನ್ನೊಬ್ಬರು ಸಾಯಬಾರದೆಂದು ಮಾಡಿದೆ, ಅದು ಖರೆ. ಆದರೆ ತಪ್ಪು ತಿದ್ದುವುದೂ ತಪ್ಪಿನ ಗುರುತು ಅಳಿಸುವುದೂ ಒಂದೇ ಒತ್ತಿನಲ್ಲಿ ಆಗಿಹೋಯಿತು. ಆಮೇಲೆ ಯಾರು ತೆರೆದು ನೋಡಿದರೂ ಒಳಗಿನವರಿಗೂ ಹೊರಗಿನವರಿಗೂ ಒಂದೇ ಬಣ್ಣ.

ಗೌಡರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. "ನನ್ನ ಹೆಸರಲಿಂದ ಹುಕುಂ ಕೊಟ್ಟೀರಿ. ಅದು ಬರೋಬರಿ ಅಲ್ಲ. ಇರ್ಲಿ, ಜೀವ ಉಳಸ್ಲಿಕ್ಕ ಮಾಡೀರಿ. ಅದನ್ನ ನಾ ಯಾರ ಮುಂದೂ ಹೇಳಂಗಿಲ್ಲ." ಆಮೇಲೆ, "ಆ ದಿನದ ಮುಖಪುಟದ್ದೊಂದು ಪ್ರಿಂಟ್ ಕೊಡ್ರಿ. ನೀರ ಬಿಟ್ಟೀವಂತ ತೋರಿಸಿದ್ದು," ಎಂದರು. ಹನುಮಂತ ತುಂಬಿದ್ದು, ಹೊತ್ತಿನ ಸಮೇತ, ಒಳಗಿನ ಪುಟದಲ್ಲಿ ಇತ್ತು. ಆರು ಗಂಟೆ, ಹಸಿರು. ಮುದ್ರಿಸಿದೆ. "ಇದು ಮುಖಪುಟದ ನಿಜಪ್ರತಿ" ಎಂದು ಕೆಳಗೆ ಬರೆದು ಸಹಿ ಹಾಕಿದೆ, ದುಂಡನೆಯ ಅಕ್ಷರದಲ್ಲಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಹದಿನೈದು ದಿನಗಳ ಮೇಲೆ ವಿಚಾರಣೆಗೆ ಸಾಹೇಬರು ಬರುತ್ತಾರೆಂದಾಯಿತು. ಆ ದಿನ ಮಧ್ಯಾಹ್ನ ದ್ಯಾವಮ್ಮ ಬಂದಳು. ಕುಂಕುಮವಿಲ್ಲದ ಹಣೆ. ಒಳಗೆ ಬಾ ಎಂದೆ, ಬರಲಿಲ್ಲ. ಕಂಪೌಂಡಿನ ಹೊರಗೆ ನನ್ನನ್ನು ಕರೆದು, ಸೆರಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಫೋನು. ಒಂದು ಗುಂಡಿ ಒತ್ತಿ ಬೆಳಕು ಮಾಡಿದಳು. ದಿನ, ಎಂಟು ಗಂಟೆ ಹತ್ತು ನಿಮಿಷ, ಕೆಂಪು ಪಟ್ಟಿ.

"ಪ್ಯಾಕ್ ಮುಗದು ನೆಟ್ ಹೋಗ್ಯಾದ. ಬ್ಯಾರೆ ಏನೂ ಒತ್ತಿಲ್ಲ ನಾ. ಮಗ್ಗಲ ಮನ್ಯಾಗ ದಿನಾ ಚಾರ್ಜ್ ಇಟ್ಟೀನಿ, ಒಬ್ಬರಿಗೂ ಮುಟ್ಟಗೊಟ್ಟಿಲ್ಲ," ಎಂದಳು. "ಊರಾಗ ಮಂದಿ ಅಂತಾರ, ನೀರ ಬಿಟ್ಟಾರಂತ ಫೋನಿನ್ಯಾಗ ಬರದಿದ್ರೂ ಮೀನಿನ ಆಸೇಕ್ಕ ಇಳದ ಅಂತ. ಕಾಗದದಾಗೂ ಹಂಗ ಬರೀತಾರಂತ. ಅವ ಹುಚ್ಚ ಅಲ್ಲ ತಂಗಿ. ಅವ ನೋಡೇ ಇಳದಾನ. ಸಾಹೇಬರಿಗಿ ಇದನ್ನ ತೋರಸಿ ನೀ ಓದಿ ಹೇಳು. ನನಗ ಮತ್ತೇನೂ ಬ್ಯಾಡ. ನೋಡೇ ಇಳದಾನ ಅಂತ ಬರಕೊಳ್ಳಲಿ."

"ನಿನ್ನ ತಪ್ಪಂತ ನಾ ಅನ್ನಂಗಿಲ್ಲ," ಎಂದು ಸೇರಿಸಿದಳು. ಆಕೆಗೆ ನಿಜವಾಗಿಯೂ ತಿಳಿದಿರಲಿಲ್ಲ. ಯಂತ್ರವೇ ಏನೋ ಕೆಟ್ಟಿದೆ, ನನಗೆ ಓದಲು ಬರುತ್ತದೆ, ಅಷ್ಟೇ ಅವಳ ಲೆಕ್ಕ.

ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಇದನ್ನು ಸಾಹೇಬರು ನೋಡಿದರೆ ನಕಲಿನ ಮಾತು ಬರುತ್ತದೆ. ನಾನು ಸಹಿ ಮಾಡಿದ ಪ್ರತಿ ಬರುತ್ತದೆ. ಗೌಡರ ಹೆಸರಿನಲ್ಲಿ ಒಳಗೆ ಹೋದದ್ದೂ ಬರುತ್ತದೆ. ಕುರ್ಚಿ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಹೋಗಬಹುದು. ಇಷ್ಟನ್ನೂ ಯೋಚಿಸುವಷ್ಟು ಹೊತ್ತು ನನಗೆ ಸಿಕ್ಕಿತು. ಬೆರಳು ಜಾರಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಜಾರಲಿಲ್ಲ. ಪುಟವನ್ನು ಹೊಸದು ಮಾಡಬೇಕಾದರೆ ಬೆರಳಿಟ್ಟು ಕೆಳಗೆ ಎಳೆಯಬೇಕು. ನಾನು ಎಳೆದೆ. ಕೆಂಪು ಹೋಗಿ ಬೆಳ್ಳಗಾಯಿತು. ನೆಟ್ ಇಲ್ಲ ಎಂದು ಅದರ ಮೇಲೆ ಬಂತು.

"ಏನಾತು ತಂಗಿ?"

"ನೆಟ್ ಇಲ್ಲಲ್ಲಕ್ಕ. ಹೋತು."

ಆಕೆ ಫೋನು ತೆಗೆದುಕೊಂಡು ಬೆಳ್ಳಗಿನ ಗಾಜನ್ನು ಸೆರಗಿನಿಂದ ಒರೆಸಿದಳು. ಮುಖದಲ್ಲಿ ಗಾಬರಿ ಇತ್ತು, ಅನುಮಾನ ಇರಲಿಲ್ಲ. "ನೆಟ್ ಬಂದ್ರ ಮತ್ತ ಬರ್ತದೇನು?"

"ಬರ್ತದ," ಎಂದೆ.

ಚಹಾದಂಗಡಿಯವನಿಂದ ನೆಟ್ ಕೇಳಿ ಪಡೆದು, ಕಂಪೌಂಡಿನ ಗೋಡೆಯ ನೆರಳಲ್ಲಿ ಕೂತಳು. ಸಾಹೇಬರು ಮೂರಕ್ಕೆ ಬಂದರು, ನನ್ನ ಸಹಿಯ ಪ್ರತಿ ನೋಡಿದರು, ಬರೆದುಕೊಂಡರು, ನಾಲ್ಕಕ್ಕೆ ಹೊರಟರು. ಅಷ್ಟೂ ಹೊತ್ತು ಆಕೆ ಅಂಗೈ ಮೇಲೆ ಫೋನು ಇಟ್ಟುಕೊಂಡು, ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದಳು. ಪ್ರತಿ ಸಲವೂ ಒತ್ತಿದ ದಿನ, ಒತ್ತಿದ ಹೊತ್ತು, ಹಸಿರು ಪಟ್ಟಿ ಬರುತ್ತಿತ್ತು. ಜೀಪು ಹೋದ ಮೇಲೂ ಅರ್ಧ ತಾಸು ಕೂತಿದ್ದು, ಕಕ್ಕೇರಾದ ಬಸ್ಸು ಬಂದಾಗ ಎದ್ದು ನನ್ನ ಕಿಟಕಿಯ ಹತ್ತಿರ ಬಂದಳು. "ಇವತ್ತ ಬರಲಿಲ್ಲ ತಂಗಿ. ನಾಳಿ ನೋಡ್ತೀನಿ," ಎಂದಳು. ಹೂಂ ಎಂದೆ. ಎಷ್ಟು ನಾಳೆಗಳು ನೋಡಿದಳೋ ನನಗೆ ಗೊತ್ತಿಲ್ಲ. ಆ ಪುಟ ಇನ್ನು ಬರುವುದಿಲ್ಲ ಎಂದು ನಾನು ಆಕೆಗೆ ಹೇಳಲೇ ಇಲ್ಲ.